ಹೋಟೆಲಿನ ಅಡ್ಡಗೋಡೆ

ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದವರು ಕ್ಷೇತ್ರದ ದಾರಿ ಹಿಡಿಯುವ ಮೊದಲು ಕಾಫಿಗೆಂದು ಹೋಟೆಲು ಹುಡುಕುತ್ತಾರೆ. ಪಕ್ಕದ ಬೆಂಚಿನಲ್ಲಿ ಕುಳಿತವರ ಜಾತಿಯನ್ನು ಇಂದು ಯಾರೂ ವಿಚಾರಿಸುವುದಿಲ್ಲ. ಈ ಸಹಜತೆಗೂ ಒಂದು ಚರಿತ್ರೆಯಿದೆ.

ಕರಾವಳಿಯ ಅಡುಗೆಯವರು ಘಟ್ಟ ಹತ್ತಿ ಕಟ್ಟಿದ ಅನೇಕ ಹೋಟೆಲುಗಳಲ್ಲಿ ಬಹುಕಾಲ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿಯಿತ್ತು. ಉಡುಪಿ ಸೀಮೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲಿನ ಮೊದಲ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಅದೇ ಮುಂದೆ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಹೋಟೆಲು ಪ್ರವೇಶಕ್ಕೆ ಜಾತಿ ಅಡ್ಡಿಯಾಗಕೂಡದೆಂದು ವಿಧಿಸಿತು.

ತರಗತಿಯಲ್ಲಿ ಕಾರಂತರ ‘ಮರಳಿ ಮಣ್ಣಿಗೆ’ ಪಾಠ ಮಾಡುತ್ತ, ಕರಾವಳಿಗರ ಹೋಟೆಲು ವಲಸೆಯನ್ನು ವಿವರಿಸುತ್ತಿದ್ದೆ. ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: “ಅಲ್ಲಿ ನನ್ನ ಅಜ್ಜನನ್ನು ಒಳಗೆ ಬಿಡುತ್ತಿದ್ದರೇ ಸರ್?”

ಸಣ್ಣ ಊರಿನ ಹಳೆಯ ಹೋಟೆಲೊಂದರ ಜೀರ್ಣೋದ್ಧಾರದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ನೆನಪಾಗುತ್ತದೆ. ಗಲ್ಲಾಪೆಟ್ಟಿಗೆಗೆ ಹೊಸ ಮೆರುಗು ಬರುತ್ತದೆ, ಹಿತ್ತಾಳೆಯ ಲೋಟಗಳು ಹೊಳೆಯುತ್ತವೆ. ಪಂಕ್ತಿಗಳನ್ನು ಬೇರ್ಪಡಿಸಿದ್ದ ಅಡ್ಡಗೋಡೆ ಇದ್ದಲ್ಲಿ, ಅದು ಸದ್ದಿಲ್ಲದೆ ಮಾಯವಾಗುತ್ತದೆ. ಗೋಡೆ ಹೋಗಬೇಕಾದದ್ದೇ, ಅದರ ನೆನಪು ಹೋಗಬಾರದು. ಅದು ನಿಂತಿದ್ದ ಜಾಗದಲ್ಲಿ ಎರಡು ಸಾಲಿನ ಫಲಕವೊಂದನ್ನು ಹಾಕಿದರೆ, ಆ ವಿದ್ಯಾರ್ಥಿನಿಗೆ ಉತ್ತರ ಕೊಟ್ಟಂತಾಗುತ್ತದೆ.