ಫ್ರಿಜ್ ಇಲ್ಲದ ಮನೆಗೂ ಒಂದು ಪಾಠ: ಸೋಯಾ ಹಾಲು ಮತ್ತು ಆಹಾರ ಸಂರಕ್ಷಣೆ

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಘಟಕದಲ್ಲಿ ಬರುವ ‘ಆಹಾರ ಸಂರಕ್ಷಣೆ’ ಅಭ್ಯಾಸ ಬೋಧನೆಗೆ ಹೋಗುವ ನಮ್ಮಂಥವರಿಗೆ ಅನುಕೂಲದ ವಿಷಯ. ಉಪ್ಪು, ಸಕ್ಕರೆ, ಎಣ್ಣೆ, ಕಾಯಿಸುವುದು, ತಂಪಾಗಿಡುವುದು, ಪಾಶ್ಚರೀಕರಣ ಎಂಬ ಪಟ್ಟಿ ಸಿದ್ಧವಾಗಿದೆ. ಒಂದು ಉಪ್ಪಿನಕಾಯಿ ಭರಣಿ ಒಯ್ದರೆ ಕಲಿಕೋಪಕರಣವೂ ಆಯಿತು. ನಾನು ಈ ಪಾಠವನ್ನು ಸೋಯಾ ಹಾಲಿನ ಮೂಲಕ ಮಾಡಿದೆ. ಅದಕ್ಕೆ ಕಾರಣ ತರಗತಿಯಲ್ಲೇ ಸಿಕ್ಕಿತು.

ನನ್ನನ್ನು ಹಾಕಿದ್ದ ಪ್ರೌಢಶಾಲೆ ಬೈಲಹೊಂಗಲದ ಕಡೆಯದು. ಜುಲೈ ತಿಂಗಳು, ಶಾಲೆಯ ಕಾಂಪೌಂಡಿನ ಆಚೆ ಎಲ್ಲಿ ನೋಡಿದರೂ ಸೋಯಾ ಬೆಳೆ. ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ದ ಅಂಕಣ ತುಂಬುವ ಮೊದಲು ಮಕ್ಕಳನ್ನೇ ಕೇಳಬೇಕೆಂದು ಎರಡು ದಿನ ಮುಂಚೆ ಕೆಲವು ಪ್ರಶ್ನೆ ಹಾಕಿದೆ. ಮನೆಯಲ್ಲಿ ಫ್ರಿಜ್ ಇರುವವರು ಕೈ ಎತ್ತಿ ಎಂದಾಗ 36 ಮಕ್ಕಳಲ್ಲಿ 11 ಕೈಗಳು ಮೇಲೆದ್ದವು. ಹಾಲನ್ನು ಕೆಡದಂತೆ ಹೇಗೆ ಇಡುತ್ತೀರಿ ಎಂದಾಗ ಬಹಳ ಮಕ್ಕಳು ‘ಮತ್ತೊಮ್ಮೆ ಕಾಯಿಸ್ತೇವ್ರಿ’ ಎಂದರು. ಒಬ್ಬ ಹುಡುಗಿ ಮಾತ್ರ, ಅವರ ಮನೆಯಲ್ಲಿ ಸೋಯಾ ಹಾಲನ್ನೂ ಮಾಡುತ್ತಾರೆಂದಳು. ನಾಲ್ಕು ವರ್ಷದ ತಮ್ಮನಿಗೆ ಆಕಳ ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ. ವೈದ್ಯರು ಹೇಳಿದಂತೆ ಅವ್ವ ಹೊಲದ ಕಾಳನ್ನೇ ನೆನೆಸಿ, ರುಬ್ಬಿ, ಸೋಸಿ ಹಾಲು ಮಾಡುತ್ತಾಳೆ. ಸಂಜೆ ಮಾಡಿದ್ದನ್ನು ಬೆಳಿಗ್ಗೆಗೂ ಇಡುತ್ತಾಳೆ. ಅವಳು ಕೇಳಿದ್ದು ಇಷ್ಟು: “ಫ್ರಿಜ್ ಇಲ್ಲದಾವ್ರು ಅದನ್ನ ಎಷ್ಟ್ ಹೊತ್ತು ಇಡಬಹುದ್ರಿ ಟೀಚರ್?”

ಇದು ಪರೀಕ್ಷೆಯ ಪ್ರಶ್ನೆಯಲ್ಲ. ಇದಕ್ಕೆ ನಾನು ಕೊಡುವ ಉತ್ತರವನ್ನು ಅಂದೇ ಸಂಜೆ ಒಂದು ಮಗು ಲೋಟದಲ್ಲಿ ಕುಡಿಯುತ್ತದೆ. ‘ತಂಪಾದ ಸ್ಥಳದಲ್ಲಿ ಇಡಬೇಕು’ ಎಂಬ ಸಾಲು ಅಲ್ಲಿ ಸಾಲದು. ನಾಳಿದ್ದಿನ ಪಾಠ ನಿನ್ನ ಪ್ರಶ್ನೆಯದೇ ಎಂದು ಅವಳಿಗೆ ಹೇಳಿ, ಪಾಠಯೋಜನೆಯನ್ನು ಅದರ ಸುತ್ತ ಕಟ್ಟಿದೆ.

ಮೊದಲು ಹಾಲು ಮಾಡುವ ಕ್ರಮ. ಒಂದು ಹಿಡಿ, ಎಂದರೆ ಸುಮಾರು 50 ಗ್ರಾಂ ಸೋಯಾ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಕಾಳನ್ನು ತೊಳೆದು 400 ಮಿಲಿ ಲೀಟರಿನಷ್ಟು ನೀರು ಸೇರಿಸಿ ರುಬ್ಬಿ ಸೋಸಿದೆ. ಒಲೆಯ ಮೇಲಿಟ್ಟಾಗ ಒಂದು ಸಂಗತಿಯನ್ನು ಗಮನಿಸಬೇಕು. ನಿಜವಾಗಿ ಕುದಿಯುವ ಮೊದಲೇ ಸೋಯಾ ಹಾಲು ನೊರೆ ಎಬ್ಬಿಸಿ ಉಕ್ಕುತ್ತದೆ. ಉಕ್ಕಿತೆಂದು ಇಳಿಸಿಬಿಟ್ಟರೆ ಅದು ಬೆಂದಿರುವುದಿಲ್ಲ. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ರಿಯೆಗೆ ಅಡ್ಡಿಮಾಡುವ ಟ್ರಿಪ್ಸಿನ್ ಪ್ರತಿಬಂಧಕ ಎಂಬ ಅಂಶವಿದೆ. ಅದು ಕಡಿಮೆಯಾಗಬೇಕಾದರೆ ನೊರೆ ಇಳಿದ ಮೇಲೂ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕನಿಷ್ಠ 10 ನಿಮಿಷ ಕುದಿಸಬೇಕು. ಕೆಡದಂತೆ ಇಡುವ ಕೆಲಸ ಶುರುವಾಗುವುದೂ ಇಲ್ಲಿಂದಲೇ. ಕಾಳು, ನೀರು, ಬಟ್ಟೆ, ಕೈಗಳಿಂದ ಬಂದ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಈ ಕುದಿತದಲ್ಲಿ ಸಾಯುತ್ತವೆ.

ಎಲ್ಲವೂ ಸಾಯುವುದಿಲ್ಲ ಎಂಬುದೇ ಪಾಠದ ತಿರುಳು. ಬ್ಯಾಸಿಲಸ್ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ಬೀಜಾಣು ರೂಪದಲ್ಲಿ ಕುದಿತವನ್ನೂ ದಾಟಿ ಉಳಿಯುತ್ತವೆ. ಹಾಲು ಬೆಚ್ಚಗಿನ ಹಂತಕ್ಕೆ ಇಳಿದಾಗ ಅವು ಮೊಳೆತು ಬೆಳೆಯುತ್ತವೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ತಾಪ ಸೂಕ್ಷ್ಮಜೀವಿಗಳಿಗೆ ಅನುಕೂಲ. ಬೇಯಿಸಿದ ಆಹಾರವನ್ನು ಕೋಣೆಯ ತಾಪದಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿಯೇ.

ಪ್ರಾತ್ಯಕ್ಷಿಕೆಗೆ ಒಂದೇ ಪಾತ್ರೆಯ ಹಾಲನ್ನು ಮೂರು ಸ್ಟೀಲ್ ಲೋಟಗಳಿಗೆ ಹಾಕಿ ಮುಚ್ಚಿದೆ. ಒಂದು ಮೇಜಿನ ಮೇಲೆ, ಒಂದು ನೀರಿನ ತಟ್ಟೆಯಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು, ಒಂದು ನನ್ನ ಮನೆಯ ಫ್ರಿಜ್ಜಿನಲ್ಲಿ. ಯಾರೂ ರುಚಿ ನೋಡಕೂಡದು ಎಂದು ಮೊದಲೇ ಹೇಳಿದ್ದೆ. ಮರುದಿನ ಮೇಜಿನ ಮೇಲಿನ ಹಾಲು ಹುಳಿ ವಾಸನೆ ಬಂದು ಗಡ್ಡೆಗಟ್ಟಿತ್ತು. ನೀಲಿ ಲಿಟ್ಮಸ್ ಕೆಂಪಾಯಿತು. ಫ್ರಿಜ್ಜಿನದು ಚೆನ್ನಾಗಿತ್ತು. ಒದ್ದೆ ಬಟ್ಟೆಯ ಲೋಟದ ಮೇಲೆ ಮಕ್ಕಳಿಗೆ ಬಹಳ ಭರವಸೆ ಇತ್ತು, ಆದರೆ ಅದೂ ಕೆಟ್ಟಿತ್ತು. ಬೇಸಿಗೆಯಲ್ಲಿ ಮಣ್ಣಿನ ಕೊಡದ ನೀರು ತಣ್ಣಗಿರುತ್ತದಲ್ಲ ಎಂದು ಒಬ್ಬ ವಾದಿಸಿದ. ತಾಪಮಾಪಕ ಇಟ್ಟು ನೋಡಿದೆವು. ಎರಡು ಲೋಟಗಳ ನಡುವೆ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ. ಮಳೆಗಾಲದ ಗಾಳಿಯಲ್ಲಿ ತೇವಾಂಶ ಹೆಚ್ಚು, ನೀರು ಆವಿಯಾಗುವುದು ಕಡಿಮೆ, ಆದ್ದರಿಂದ ತಂಪೂ ಕಡಿಮೆ ಎಂಬುದನ್ನು ಮಕ್ಕಳೇ ಕಂಡುಕೊಂಡರು. ಒಣ ಬೇಸಿಗೆಯಲ್ಲಿ ಬಟ್ಟೆ ಇನ್ನಷ್ಟು ತಂಪು ಕೊಡುತ್ತದೆ, ಆದರೆ 5 ಡಿಗ್ರಿಗೆ ಇಳಿಸುವುದಿಲ್ಲ.

ಚರ್ಚೆಯಲ್ಲಿ ಎರಡು ತಪ್ಪುಗ್ರಹಿಕೆಗಳು ಹೊರಬಂದವು. ಮೊದಲನೆಯದು, ‘ಒಡೆದರೆ ಮೊಸರಾಯಿತು’ ಎಂಬುದು. ಮೊಸರಿಗೆ ನಾವು ಹೆಪ್ಪು ಹಾಕುತ್ತೇವೆ, ಎಂದರೆ ಗೊತ್ತಿರುವ ಲ್ಯಾಕ್ಟೋಬ್ಯಾಸಿಲಸ್ ಮೊದಲಾದ ಬ್ಯಾಕ್ಟೀರಿಯಾಗಳನ್ನು ನಾವೇ ಬಿಡುತ್ತೇವೆ. ತಾನಾಗಿ ಒಡೆದ ಹಾಲಿನಲ್ಲಿ ಬೆಳೆದದ್ದು ಯಾವುದೋ ಗೊತ್ತಿಲ್ಲ. ಎರಡನೆಯದು, ‘ಮತ್ತೊಮ್ಮೆ ಕಾಯಿಸಿದರೆ ಸರಿಹೋಗುತ್ತದೆ’ ಎಂಬುದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಆಹಾರದಲ್ಲಿ ಬಿಡುವ ವಾಂತಿಕಾರಕ ವಿಷವು ಕುದಿಸಿದರೂ ನಾಶವಾಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅದು ಬಿಟ್ಟ ವಿಷ ಉಳಿಯುತ್ತದೆ. ವಾಸನೆ ಬರುವ ಮೊದಲೇ ಸೂಕ್ಷ್ಮಜೀವಿಗಳು ಸಾಕಷ್ಟು ಬೆಳೆದಿರಬಹುದು. ಆದ್ದರಿಂದ ಮೂಗಿಗಿಂತ ಗಡಿಯಾರವನ್ನು ನಂಬಬೇಕು. ಸೋಯಾ ಹಾಲು ಸುಮ್ಮನೆ ಇಟ್ಟಾಗ ತಳದಲ್ಲಿ ಪುಡಿ ನಿಲ್ಲುವುದು ಮಾತ್ರ ಕೆಟ್ಟ ಲಕ್ಷಣವಲ್ಲ, ಅಲುಗಾಡಿಸಿದರೆ ಬೆರೆಯುತ್ತದೆ.

ಫ್ರಿಜ್ ಇರುವ ಮನೆಗಳಿಗೆ ಮಕ್ಕಳೇ ಒಂದು ಕ್ರಮ ಬರೆದರು. ಕುದಿಸಿದ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಬೇಕು. ಬಿಸಿನೀರಿನಲ್ಲಿ ತೊಳೆದ ಗಾಜಿನ ಇಲ್ಲವೇ ಸ್ಟೀಲ್ ಪಾತ್ರೆಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಬಾಗಿಲ ಅರೆಯಲ್ಲಿ ತಾಪ ಏರಿಳಿಯುವುದರಿಂದ ಒಳಭಾಗದಲ್ಲಿಡಬೇಕು. ದಿನಾಂಕ ಬರೆದು 3 ದಿನದೊಳಗೆ ಮುಗಿಸಬೇಕು. ಬಾಟಲಿಗೆ ಬಾಯಿಟ್ಟು ಕುಡಿಯಬಾರದು, ಲೋಟದಲ್ಲಿ ಉಳಿದದ್ದನ್ನು ವಾಪಸ್ ಸುರಿಯಬಾರದು. ಕರೆಂಟು ಹೋದರೆ ಬಾಗಿಲು ತೆರೆಯದ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಪದೇ ಪದೇ ತೆರೆದರೆ ಇಲ್ಲ. ಫ್ರೀಜರಿನಲ್ಲಿ ಗಟ್ಟಿಗಟ್ಟಿಸಿದರೆ ಕೆಡದಿದ್ದರೂ ಕರಗಿದ ಮೇಲೆ ಹಾಲು ತರಿತರಿಯಾಗುತ್ತದೆ. ಅಂಗಡಿಯ ಪೊಟ್ಟಣದ ಸೋಯಾ ಹಾಲು ತಿಂಗಳುಗಟ್ಟಲೆ ಹೊರಗೇ ಇರುವುದಕ್ಕೆ ‘ಔಷಧಿ ಹಾಕ್ತಾರ’ ಎಂದು ಒಬ್ಬ ಹೇಳಿದ್ದ. ಅದನ್ನು 135 ಡಿಗ್ರಿಗಿಂತ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಸೂಕ್ಷ್ಮಜೀವಿರಹಿತ ಪೊಟ್ಟಣದಲ್ಲಿ ಗಾಳಿಯಾಡದಂತೆ ಮುಚ್ಚುತ್ತಾರೆ. ಆ ತಾಪದಲ್ಲಿ ಬೀಜಾಣುಗಳೂ ನಿಲ್ಲುವುದಿಲ್ಲ. ಒಮ್ಮೆ ತೆರೆದ ಮೇಲೆ ಅದೂ ಮನೆಯ ಹಾಲಿನಂತೆಯೇ. ಫ್ರಿಜ್ಜಿನಲ್ಲಿಟ್ಟು, ಪೊಟ್ಟಣದ ಮೇಲೆ ಬರೆದಷ್ಟು ದಿನದೊಳಗೆ ಮುಗಿಸಬೇಕು.

ಆದರೆ ಉಳಿದ 25 ಮನೆಗಳು? ಇಲ್ಲಿ ಗುಂಪು ಚರ್ಚೆಗೆ ಹತ್ತು ನಿಮಿಷ ಬಿಟ್ಟೆ. ಒಂದು ಗುಂಪು ಸರಳವಾದ ಮಾತು ತಂದಿತು: ಕಾಳು ಕೆಡೂದಿಲ್ಲ, ಹಾಲು ಕೆಡ್ತದ. ಹಾಗಾದರೆ ಕಾಳನ್ನು ಇಡೋಣ, ಹಾಲನ್ನು ಬೇಕಾದಷ್ಟೇ ಮಾಡೋಣ. ಒಣಗಿದ ಕಾಳಿನಲ್ಲಿ ತೇವಾಂಶ ಕಡಿಮೆ, ಅದಕ್ಕೇ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಪಠ್ಯದಲ್ಲಿರುವ ‘ಒಣಗಿಸುವುದು’ ಎಂಬ ಸಂರಕ್ಷಣಾ ವಿಧಾನ ಅವರ ಮನೆಯ ಚೀಲದಲ್ಲೇ ಇತ್ತು. ಒಂದು ಹೊತ್ತಿಗೆ ಒಂದು ಹಿಡಿ ನೆನೆಸಿ, ಹಾಲು ಮಾಡಿ, 2 ಗಂಟೆಯೊಳಗೆ ಕುಡಿದು ಮುಗಿಸುವುದು. ಬಿರುಬೇಸಿಗೆಯಲ್ಲಿ 1 ಗಂಟೆ. ನೆನೆಹಾಕಿದ ಕಾಳಿನ ನೀರನ್ನೂ ಸೆಕೆಗಾಲದಲ್ಲಿ ನಡುವೆ ಒಮ್ಮೆ ಬದಲಾಯಿಸುವುದು.

“ಉಳಿದ್ರ ಚೆಲ್ಲೂದೇನ್ರಿ?” ಎಂದು ಅದೇ ಹುಡುಗಿ ಕೇಳಿದಳು. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ರುಬ್ಬಿ ಸೋಸಿದ ತಾಯಿಯ ಶ್ರಮ ಅದರಲ್ಲಿದೆ. ಮಿಗುವುದು ಕಂಡೊಡನೆ, ಹೊತ್ತು ಮೀರುವ ಮೊದಲೇ ಮನೆಯ ಬೇರೆಯವರು ಕುಡಿಯಬಹುದು, ಇಲ್ಲವೇ ಅದನ್ನು ಚಪಾತಿ ಹಿಟ್ಟಿಗೆ ಹಾಕಿ ಕಲೆಸಿ ಕೂಡಲೇ ಬೇಯಿಸಬಹುದು ಎಂದು ಚರ್ಚೆಯಲ್ಲಿ ಬಂತು. ಸೋಸಿ ಉಳಿದ ಹಿಪ್ಪೆಯನ್ನೂ ಹಾಗೆಯೇ ಆಗಲೇ ಬಳಸಬೇಕು. ರಾತ್ರಿಯಿಡೀ ಉಳಿದ ಹಾಲನ್ನು ಮಾತ್ರ ಮಗುವಿಗೆ ಕೊಡುವಂತಿಲ್ಲ ಎಂಬುದನ್ನು ಸ್ಪಷ್ಟವಾಗಿಯೇ ಹೇಳಿದೆ. ಒಂದು ವರ್ಷದೊಳಗಿನ ಕೂಸಿಗೆ ಮನೆಯ ಸೋಯಾ ಹಾಲು ತಾಯಿಯ ಹಾಲಿನ ಬದಲಿಯಲ್ಲ ಎಂದೂ, ಆಕಳ ಹಾಲಿನಲ್ಲಿರುವಷ್ಟು ಕ್ಯಾಲ್ಸಿಯಂ ಮತ್ತು ಬಿ12 ಇದರಲ್ಲಿ ಸಿಗುವುದಿಲ್ಲವಾದ್ದರಿಂದ ಬೆಳೆಯುವ ಮಗುವಿನ ಊಟದ ಬಗ್ಗೆ ವೈದ್ಯರನ್ನು ಕೇಳುತ್ತಿರಬೇಕೆಂದೂ ಸೇರಿಸಿದೆ.

ಮೌಲ್ಯಮಾಪನಕ್ಕೆ ‘ಆಹಾರ ಸಂರಕ್ಷಣೆಯ ವಿಧಾನಗಳನ್ನು ಪಟ್ಟಿ ಮಾಡಿ’ ಎಂದು ಕೇಳಲಿಲ್ಲ. ‘ಸಂಜೆ 6ಕ್ಕೆ ಕಾಯಿಸಿದ ಸೋಯಾ ಹಾಲು ಫ್ರಿಜ್ ಇಲ್ಲದ ಮನೆಯಲ್ಲಿ ಬೆಳಿಗ್ಗೆ 7ಕ್ಕೆ ಚೆನ್ನಾಗಿಯೇ ಕಾಣುತ್ತಿದೆ. ಕುಡಿಯಬಹುದೇ? ಕಾರಣ ಕೊಡಿ’ ಎಂದು ಕೇಳಿದೆ. ಹೆಚ್ಚಿನವರು ಬೇಡ ಎಂದರು, ಕಾರಣದಲ್ಲಿ ಬೀಜಾಣು ಇಲ್ಲವೇ 2 ಗಂಟೆಯ ಮಾತು ಬರೆದರು. ಆರು ಮಕ್ಕಳು ಮತ್ತೆ ‘ಕಾಯಿಸಿ ಕುಡಿಯಬಹುದು’ ಎಂದೇ ಬರೆದಿದ್ದರು. ಮನೆಯಲ್ಲಿ ದಿನವೂ ಕಾಣುವ ರೂಢಿ ಒಂದು ಅವಧಿಯಲ್ಲಿ ಬದಲಾಗುವುದಿಲ್ಲ. ಆ ಆರು ಮಕ್ಕಳೊಂದಿಗೆ ಮರುದಿನ ಲಿಟ್ಮಸ್ ಪರೀಕ್ಷೆಯನ್ನೇ ಮತ್ತೆ ಮಾಡಿದೆ: ಕೆಟ್ಟ ಹಾಲನ್ನು ಕುದಿಸಿ ಆರಿಸಿ ಲಿಟ್ಮಸ್ ಅದ್ದಿದಾಗಲೂ ಅದು ಕೆಂಪೇ ಆಯಿತು. ಕುದಿತ ಸೂಕ್ಷ್ಮಜೀವಿಗಳನ್ನು ಕೊಂದರೂ ಅವು ಮಾಡಿಟ್ಟದ್ದನ್ನು ತೆಗೆಯುವುದಿಲ್ಲ ಎಂಬುದು ಆಗ ಕಣ್ಣಿಗೆ ಕಂಡಿತು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು, ಅವಧಿ ಐದು ನಿಮಿಷ ಮೀರಿತೆಂದೂ, ಫ್ರಿಜ್ ಬಗ್ಗೆ ಕೈ ಎತ್ತಿಸುವ ಬದಲು ಚೀಟಿಯಲ್ಲಿ ಬರೆಸಿದ್ದರೆ ಮಕ್ಕಳಿಗೆ ಮುಜುಗರ ಇರುತ್ತಿರಲಿಲ್ಲವೆಂದೂ ಬರೆದರು. ಎರಡನೆಯ ಸಲಹೆಯನ್ನು ಈಗ ಪ್ರತಿ ಪಾಠದಲ್ಲೂ ಪಾಲಿಸುತ್ತಿದ್ದೇನೆ. ಇದೇ ಘಟಕವನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಮಕ್ಕಳ ಮನೆಯಲ್ಲಿ ಏನು ಮಾಡುತ್ತಾರೆ, ಏನನ್ನು ಇಡುತ್ತಾರೆ, ಎಲ್ಲಿ ಇಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಕೇಳಿ ಪಾಠಯೋಜನೆ ಬರೆಯಲಿ. ಊರು ಬದಲಾದರೆ ಸೋಯಾ ಹಾಲಿನ ಜಾಗಕ್ಕೆ ರಾಗಿ ಅಂಬಲಿಯೋ ಮೀನಿನ ಸಾರೋ ಬರುತ್ತದೆ. ಆದರೆ ಬೀಜಾಣು, ತಾಪ, ಹೊತ್ತು ಎಂಬ ಮೂರು ಮಾತು ಎಲ್ಲ ಅಡುಗೆಮನೆಗೂ ಒಂದೇ.