ಮದುವೆಯ ಹೂವು

ಹೂವಿಗೆ ಅರ್ಥವನ್ನು ಕಲ್ಪಿಸಿದವರು ನಾವೇ. ತಾವರೆಯು ಲಕ್ಷ್ಮಿಯ ಆಸನವಾದುದರಿಂದ ಸಂಪತ್ತಿನ ಕುರುಹು. ಕೇದಗೆಯು ಶಿವಪೂಜೆಗೆ ವರ್ಜ್ಯವೆನಿಸಿದರೂ ಮದುಮಗಳ ಜಡೆಗೆ ಭೂಷಣ. ಉಡುಪಿಯ ಕಡೆಯವರಾದ ನಮಗಂತೂ ಶಂಕರಪುರದ ಮಲ್ಲಿಗೆಯಿಲ್ಲದೆ ಮದುವೆಯೇ ಇಲ್ಲ. ಬಾಳೆಯ ನಾರಿನಲ್ಲಿ ಕಟ್ಟಿದ 4 ಚೆಂಡು ಸೇರಿದರೆ 1 ಅಟ್ಟೆ.

ಮುಡಿದ ಮಲ್ಲಿಗೆಯು ಮುತ್ತೈದೆತನದ ಗುರುತೆಂಬರು. ಈ ಅರ್ಥವೇ ವಿಧವೆಯ ಮುಡಿಯಿಂದ ಹೂವನ್ನು ಕಸಿದುಕೊಂಡಿತು. ನನ್ನ ಅಕ್ಕನು ಮನೆತನದ ಮದುವೆಗಳಿಗೆಲ್ಲ ಹೂ ಕಟ್ಟಿದವಳು. 30 ವರ್ಷ ತಾನು ಒಂದು ಮೊಗ್ಗನ್ನೂ ಮುಡಿದವಳಲ್ಲ. ನನ್ನ ಮಗಳ ಮದುವೆಗೆ ಎಷ್ಟು ಅಟ್ಟೆ ತರಿಸಬೇಕೆಂಬ ಮಾತು ಬಂದಾಗ, “ಮೊದಲನೆಯ ಚೆಂಡು ಅತ್ತೆಗೆ, ಆಮೇಲೆ ನನಗೆ” ಎಂದಳು ಮಗಳು. ಹಿರಿಯರು ಸುಮ್ಮನಾದರು. ಅಕ್ಕನು ಬೇಡವೆನ್ನಲಿಲ್ಲ.

ತಾಳಿಯು ಕೊರಳಿಗೆ ಬೀಳುವ ಮೊದಲೇ, ಎಳೆಯ ವಯಸ್ಸಿನಲ್ಲಿಯೇ, ಹೆಣ್ಣು ಹೂವನ್ನು ಮುಡಿದಿರುತ್ತಾಳೆ. ಗಂಡನು ತಂದುಕೊಡದುದನ್ನು ಅವನ ಸಾವು ಒಯ್ಯುವುದು ನ್ಯಾಯವಲ್ಲ.