ಅತ್ತಿಯವ್ರು ಹೇಳಿದ್ದು ಖರೇ ಇತ್ತು

ನಮ್ಮ ಅತ್ತಿಯವ್ರು ಕಾರಿನ್ಯಾಗ ಕೂತ ಕೂಡ್ಲೆ, 'ಆ ಎಸಿ ಹಚ್ಚಬ್ಯಾಡ್ರಿ, ಹಸಿ ಚಾಪಿ ವಾಸನಿ ಬರ್ತದ, ಕೆಮ್ಮು ಏಳ್ತದ' ಅಂತಿದ್ರು. ವಯಸ್ಸಾದವ್ರ ಕಿರಿಕಿರಿ ಅಂತ ನಾವು ಕಿವಿಗೆ ಹಾಕ್ಕೊಳ್ಳಲಿಲ್ಲ. ಎರಡು ಸಲ ನಾನೇ ಸಿಟ್ಟೀಲೆ ಮಾತಾಡೇನಿ.

ಹೋದ ವಾರ ಗಾಳಿನೇ ಸರಿಯಾಗಿ ಬರವಲ್ದಾತು. ಮಗ ಫೋನಿನ್ಯಾಗ, 'ಕ್ಯಾಬಿನ್ ಫಿಲ್ಟರ್ ತುಂಬಿರಬೇಕು ಅಮ್ಮಾ, ನೀನೇ ಬದಲಿ ಮಾಡಬಹುದು' ಅಂದ. ನಮ್ಮನಿಯವ್ರು ನಕ್ಕರು. ನಾನು 380 ರೂಪಾಯಿ ಕೊಟ್ಟು ಹೊಸಾದು ತರಿಸಿದೆ.

ನಮ್ಮ ಗಾಡಿಗೆ ಸ್ಕ್ರೂಡ್ರೈವರ್ ಸುದ್ದಾ ಬೇಕಾಗಲಿಲ್ರಿ. ಮುಂದಿನ ಎಡಗಡೆ ಸೀಟಿನ ಎದುರಿಗಿನ ಡಬ್ಬಿ ಖಾಲಿ ಮಾಡಿ, ಎರಡೂ ಬದಿ ಒಳಗ ಒತ್ತಿದೆ, ಕೆಳಗ ಇಳೀತು. ಅದರ ಹಿಂದ ಉದ್ದನ್ನ ಮುಚ್ಚಳ. ಅದರ ಕ್ಲಿಪ್ ಬಿಚ್ಚಿ ಫಿಲ್ಟರ್ ಎಳದ್ರ, ಎವ್ವಾ! ಬೇವಿನ ತಪ್ಪಲ, ಕೂದಲು, ಸತ್ತ ಹುಳಾ, ಮಸಿಯಂಥಾ ಕರೀ ಧೂಳು. ನಾವು ಇಷ್ಟು ದಿನಾ ಕುಡದ ಗಾಳಿ ಇದರಾಗಿಂದನ ಬಂದಿತ್ತು.

ಫಿಲ್ಟರ್ ಮ್ಯಾಲೆ ಬಾಣದ ಗುರ್ತು ಇರ್ತದ. ಹಳೇದು ಯಾವ ಕಡೆ ಮುಖಾ ಮಾಡಿತ್ತೋ ಹೊಸಾದನ್ನೂ ಹಂಗ ಕೂಡಸ್ರಿ. ಕಾಗದದ್ದು, ತೊಳದು ಮತ್ತ ಹಾಕಬ್ಯಾಡ್ರಿ. ಎಲ್ಲಾ ಗಾಡಿಗೂ ಒಂದ ಥರಾ ಇರೂದಿಲ್ಲ, ಮದಲ ಗಾಡಿ ಪುಸ್ತಕ ನೋಡ್ರಿ.

ಹಳೇ ಫಿಲ್ಟರ್ ಅತ್ತಿಯವ್ರಿಗೆ ತೋರಿಸಿ, 'ನಿಮ್ಮ ಮಾತು ಕೇಳಬೇಕಾಗಿತ್ರಿ, ತಪ್ಪಾತು' ಅಂದೆ. ಅವ್ರು ಮೂಗಿಗೆ ಸೆರಗು ಹಿಡಕೊಂಡು, 'ಅದನ್ನ ಮದಲ ಹೊರಗ ಒಗಿ' ಅಂದ್ರು.

ಮರುದಿನ ದವಾಖಾನಿಗೆ ಹೋಗೂ ಮುಂದ ಎಸಿ ಹಚ್ಚಿದ್ವಿ. ಅತ್ತಿಯವ್ರು ಏನೂ ಅನಲಿಲ್ಲ. ದಾರ್ಯಾಗ ನಿದ್ದಿ ಹತ್ತಿತ್ತು.